ಫೋಟೋದಲ್ಲಿದ್ದ ಗಡಿಯಾರ

ಆ ಗಂಡಸು ತೋಳಿನ ಗುಂಡಿ ಬಿಚ್ಚಿ ಎಡಗೈಯನ್ನು ಗಾಜಿನ ಕೌಂಟರಿನ ಮೇಲಿಟ್ಟಾಗ ಕಣಿಯಮ್ಮನಿಗೆ ಗರ ಬಡಿದಂತಾಯಿತು. ಮಣಿಕಟ್ಟು ಬರಿದು. ಗಡಿಯಾರವಿಲ್ಲ, ಗಡಿಯಾರ ಕಟ್ಟಿದ್ದ ಗುರುತೂ ಇಲ್ಲ. ಅದಿರಬೇಕಾದ ಜಾಗದಲ್ಲಿ ಅಡ್ಡಡ್ಡ ಸುಟ್ಟ ಬರೆಗಳು, ಒಂದರ ಮೇಲೊಂದು.

ಕಣಿಯಮ್ಮ ಎಂಬುದು ಅಂಗಡಿಯ ಯಜಮಾನರು ಇಟ್ಟ ಹೆಸರು. ಗಡಿಯಾರದಂಗಡಿಯಲ್ಲಿ ಗಿರಾಕಿಯ ಮುಖಕ್ಕಿಂತ ಮೊದಲು ಮಣಿಕಟ್ಟು ನೋಡಿ, ಆಳು ಎಂಥವನೆಂದು ಕಣಿ ಹೇಳುವವಳು ಅವಳೊಬ್ಬಳೇ. ಸಣ್ಣ ಮಣಿಕಟ್ಟಿಗೆ ಅಗಲದ ಡಯಲ್ ಕಟ್ಟಿದರೆ ಕಡ್ಡಿಗೆ ತಟ್ಟೆ ಸಿಕ್ಕಿಸಿದಂತೆ ಎನ್ನುವಳು. ದುಂಡು ಮುಖದವರಿಗೆ ಚೌಕದ್ದು, ಬೂಟಿನ ಬಣ್ಣಕ್ಕೆ ಹೊಂದುವ ವಾಚಿನ ಬೆಲ್ಟು, ಮಿತಭಾಷಿಗಳಿಗೆ ಅಂಕಿಗಳೇ ಇಲ್ಲದ ಡಯಲ್. ಅವಳು ಆರಿಸಿಕೊಟ್ಟದ್ದನ್ನು ವಾಪಸ್ ತಂದವರಿಲ್ಲ. ಆ ಹೆಮ್ಮೆ ಅವಳ ನೆತ್ತಿಗೇರಿತ್ತೆಂದರೂ ಸುಳ್ಳಲ್ಲ.

ವರನನ್ನು ಆರಿಸಿದ್ದೂ ಹಾಗೆಯೇ. ಸೋದರತ್ತೆ ತಂದ ಫೋಟೋಗಳಲ್ಲಿ ಒಬ್ಬನ ಗಡಿಯಾರಕ್ಕೆ ದಪ್ಪ ಚಿನ್ನದ ಬಣ್ಣದ ಚೈನು. ಜಂಬಗಾರ ಎಂದು ಬದಿಗಿಟ್ಟಳು. ಇನ್ನೊಬ್ಬನದು ಅಂಗೈವರೆಗೆ ಜಾರಿತ್ತು, ಇವನು ಸೋಮಾರಿ. ಮತ್ತೊಂದರಲ್ಲಿ ತೆಳು ಕಂದು ಬೆಲ್ಟು, ಪುಟ್ಟ ಬಿಳಿ ಡಯಲ್, ನೀಳ ಬೆರಳುಗಳಿಗೆ ಹೇಳಿ ಮಾಡಿಸಿದಂತೆ. ಬೇಕರಿ ನಡೆಸುವವನಂತೆ. ಇರಲಿ, ಇಂಥ ರುಚಿಯವನು ಒರಟನಾಗಿರಲಾರ. ಅವಳು ಹೂಂ ಅಂದಳು, ಮನೆಯವರೆಲ್ಲ ಹಿಗ್ಗಿದರು. ಇಂದು ಅತ್ತೆ ಅವನನ್ನು ಅಂಗಡಿಗೇ ಕರೆತಂದಿದ್ದರು. ಅವನು ಆಡಿದ ಮೊದಲ ಮಾತೇ ಇದು: "ನನ್ನ ಕೈಗೆ ಚೆಂದ ಕಾಣೋ ವಾಚ್ ಒಂದು ನೀವೇ ನೋಡಿಕೊಡಿ. ನಾನು ಯಾವತ್ತೂ ಕಟ್ಟಿದವನಲ್ಲ."

"ಫೋಟೋದಲ್ಲಿ ಇತ್ತಲ್ಲ?" ಎಂದಳು.

"ಅದು ಸ್ಟುಡಿಯೋದವ್ರದು. ಟೈ, ಕೋಟು, ವಾಚು, ಎಲ್ಲಾ ಇಟ್ಕೊಂಡಿರ್ತಾರೆ. ಈ ಬರೆ ಕಾಣಬಾರದು ಅಂತ ಅವರೇ ಕಟ್ಟಿದ್ರು. ಅದು ಓಡ್ತಾನೂ ಇರಲಿಲ್ಲ ಅನ್ನಿ."

ಹಾಗಾದರೆ ತಾನು ಹೂಂ ಎಂದದ್ದು ಯಾರಿಗೆ? ಯಾವನೋ ಫೋಟೋಗ್ರಾಫರನ ಡ್ರಾಯರಿಗೆ. ಊರಿಗೆಲ್ಲ ಕಣಿ ಹೇಳಿದವಳು ತನ್ನ ಬಾಳಿನ ಮಾತಿಗೆ ಬಂದಾಗ ಹಳ್ಳಕ್ಕೆ ಬಿದ್ದಿದ್ದಳು.

"ಅತ್ತೆ, ನಿಮಗಿದು ಗೊತ್ತಿತ್ತಾ?"

ಅತ್ತೆ ಗೋಡೆಯ ಗಡಿಯಾರಗಳನ್ನು ನೋಡತೊಡಗಿದರು. "ಗೊತ್ತಿತ್ತು ಕಣೆ. ಹೇಳಿ ಅಂತ್ಲೇ ಇವನೂ ಅಂದಿದ್ದ. ಬರಿಗೈ ಅಂದಿದ್ರೆ ಆ ಫೋಟೋ ಮುಟ್ತಿದ್ಯಾ ನೀನು, ಮಹಾರಾಯ್ತಿ?"

ಮುಟ್ಟುತ್ತಿರಲಿಲ್ಲ. ಆ ಉತ್ತರ ಅವಳನ್ನು ಎಲ್ಲಕ್ಕಿಂತ ಹೆಚ್ಚು ದಂಗುಬಡಿಸಿತು.

ಬೇಕರಿಯವನ ಮುಖವೂ ಕಳೆಗುಂದಿತು. "ಹೇಳಾಯ್ತು, ಅವಳು ಬೇಜಾರು ಮಾಡ್ಕೊಂಡಿಲ್ಲ ಅಂದ್ರಲ್ಲ ಅಮ್ಮ ನೀವು?" ಎಂದು ಅತ್ತೆಯನ್ನು ಕೇಳಿದ. ಅತ್ತೆ ಗಡಿಯಾರಗಳಿಂದ ಕಣ್ಣು ತೆಗೆಯಲಿಲ್ಲ. ಅವನು ಕೈ ಹಿಂದಕ್ಕೆಳೆದು ಗುಂಡಿ ಹಾಕಿಕೊಳ್ಳತೊಡಗಿದ. "ತಿಳಿದೇ ಒಪ್ಪಿದೀರಿ ಅಂದ್ಕೊಂಡು ಬಂದೆ. ತಿಳೀದೆ ಕೊಟ್ಟ ಮಾತಿಗೆ ನಿಮ್ಮನ್ನ ಕಟ್ಟಿಹಾಕಲ್ಲ. ನಾನೇ ಬೇಡ ಅಂದೆ ಅಂತ ಮನೇಲಿ ಹೇಳಿಬಿಡಿ."

"ನಿಲ್ಲಿ," ಎಂದಳು. ಅವನ ಕೈಯನ್ನು ಮತ್ತೆ ಕೌಂಟರಿನ ದೀಪದ ಕೆಳಗೆ ಎಳೆದುಕೊಂಡಳು. ಬೆಲ್ಟಿನ ಗುರುತು ನೋಡಿ ಏನು ಬೇಕಾದರೂ ಹೇಳುತ್ತಿದ್ದವಳಿಗೆ ಈ ಗುರುತುಗಳಲ್ಲಿ ಒಂದೂ ಅರ್ಥವಾಗಲಿಲ್ಲ.

"ಇದು ಹೇಗಾಯ್ತು?"

"ಬ್ರೆಡ್ಡಿನ ಟ್ರೇ ಎಳೆಯುವಾಗ ಓವನ್ನಿನ ಅಂಚು ತಾಗುತ್ತೆ. ಗಮನ ಬೇರೆ ಕಡೆ ಹೋದ್ರೆ ಮುಗೀತು."

"ಇದಿನ್ನೂ ಹಸಿ ಇದೆ."

ಅವನು ತಲೆ ತಗ್ಗಿಸಿದ. "ಹುಡುಗಿ ಒಪ್ಪಿದ್ಲು ಅಂತ ಈ ಅಮ್ಮನ ಫೋನ್ ಬಂತಲ್ಲ. ಆಗ ಟ್ರೇ ಕೈಯಲ್ಲೇ ಇತ್ತು."

ತಾನು ಒಂದು ಬೆಲ್ಟು, ಒಂದು ಡಯಲ್ ನೋಡಿ ಹಗುರವಾಗಿ ಉಸುರಿದ ಒಂದಕ್ಷರ ಎಲ್ಲಿಯೋ ಒಬ್ಬನ ಚರ್ಮ ಸುಟ್ಟಿತ್ತು. ಅವನಿಗೆ ತೋರಿಸಲೆಂದು ಹೊರಗಿಟ್ಟಿದ್ದ ಗಡಿಯಾರಗಳನ್ನು ಒಂದೊಂದಾಗಿ ಒಳಗಿಟ್ಟು ಕೌಂಟರಿಗೆ ಬೀಗ ಹಾಕಿದಳು.

"ಈ ಕೈಗೆ ನಾನು ವಾಚ್ ಕೊಡಲ್ಲ. ಗಾಯಕ್ಕೆ ಉಜ್ಜುತ್ತೆ."

"ಸರಿ," ಎಂದು ಅವನು ಬಾಗಿಲ ಕಡೆ ತಿರುಗಿದ.

"ವಾಚ್ ಕೊಡಲ್ಲ ಅಂದೆ. ಮಾತು ವಾಪಸ್ ತಗೊಂಡೆ ಅನ್ನಲಿಲ್ಲ."

ಆಡಿದ ಮೇಲೆ ಅವಳೇ ಬೆಚ್ಚಿಬಿದ್ದಳು. ಅವನು ನಿಂತಲ್ಲೇ ನಿಂತ. ಅತ್ತೆ ಪಕ್ಕದ ಸ್ಟೂಲನ್ನು ತಡಕಿ ಕೂತುಬಿಟ್ಟರು.