ಐದು ಜನ, ನಾಲ್ಕು ಊಟ

ಗಂಗಹನುಮಯ್ಯ ಮಧುಗಿರಿಯ ಸರ್ಕಾರಿ ಹಾಸ್ಟೆಲಿನಲ್ಲಿ ಇಪ್ಪತ್ತಾರು ವರ್ಷ ವಾರ್ಡನ್ ಆಗಿದ್ದವನು. ಬೆಳಿಗ್ಗೆ ಹಾಜರಿ ಕರೆದು, ಊರಿಗೆ ಹೋದವರನ್ನು, ಜ್ವರದಿಂದ ಮಲಗಿದವರನ್ನು, ಉಪವಾಸ ಇರುವವರನ್ನು ಕಳೆದು, ಉಳಿದವರಿಗೆ ಎಷ್ಟು ಅಕ್ಕಿ ಎಂದು ಅಳೆದು ಕೊಡುವುದು ಅವನ ಕೈಗೆ ಕೂತ ಕೆಲಸ. ನಿವೃತ್ತನಾಗಿ ಹತ್ತು ವರ್ಷವಾಗಿತ್ತು. ಆದರೂ ಐದು ಜನ ಊಟಕ್ಕೆ ಸೇರಿದರೆ ಅವನ ಮನಸ್ಸು ತಾನಾಗಿಯೇ ಕಳೆಯಲು ಶುರುಮಾಡುತ್ತಿತ್ತು.

ಹೆಂಡತಿ ಹನುಮಕ್ಕನ ವರ್ಷದ ತಿಥಿ ಮುಗಿದಿತ್ತು. ಮೊಮ್ಮಗಳು ಚೈತ್ರ ಹತ್ತನೇ ತರಗತಿ ಪಾಸಾದರೆ ಬೆಂಗಳೂರು ರಸ್ತೆಯ ವಾಟರ್ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟವಳು ಹನುಮಕ್ಕನೇ. ಆ ಮಾತು ಉಳಿಸಬೇಕೆಂದು ಒಂದು ಶನಿವಾರ ಚನ್ನರಾಯನದುರ್ಗದ ಪಕ್ಕದ ಊರಿನಿಂದ ಎಲ್ಲರೂ ಕಾರಿನಲ್ಲಿ ಹೊರಟರು. ಮಗ ಪ್ರಸನ್ನಕುಮಾರ್ ಕಾರು ಓಡಿಸುತ್ತಿದ್ದ. ಹಿಂದೆ ಸೊಸೆ ವನಜಾಕ್ಷಿ, ಚೈತ್ರ, ಮೂಲೆಯಲ್ಲಿ ಗಂಗಹನುಮಯ್ಯನ ಅಕ್ಕ ಮುದ್ದಕ್ಕ. ಗಂಡ ಸತ್ತ, ಮಕ್ಕಳಿಲ್ಲದ ಹೆಂಗಸು. ಹನುಮಕ್ಕ ಹಾಸಿಗೆ ಹಿಡಿದಾಗ ಆರೈಕೆಗೆಂದು ಬಂದವಳು ಅಲ್ಲೇ ಉಳಿದು ಅಡುಗೆಮನೆ ವಹಿಸಿಕೊಂಡಿದ್ದಳು.

ಕೊರಟಗೆರೆ ದಾಟಿದ ಮೇಲೆ ಚೈತ್ರ ಮೊಬೈಲ್ ನೋಡುತ್ತ ಹೇಳಿದಳು. "ತಾತ, ಮುಂಚೆನೇ ದುಡ್ಡು ಕಟ್ಟಿದ್ರೆ ಊಟದ ಪ್ಲಾನ್ ಐತೆ. ತಲೆಗೆ ಆರ್ನೂರೈವತ್ತು. ಮಧ್ಯಾಹ್ನ ಊಟ, ಆಮೇಲೆ ಬಜ್ಜಿ ಟೀ, ಸಂಜೆ ತಿಂಡಿ. ಕೈಗೆ ಪಟ್ಟಿ ಕಟ್ತಾರಂತೆ."

"ಬಿಡಿಯಾಗಿ ತಗೊಂಡ್ರೆ?"

"ಊಟ ನಾನೂರಿಪ್ಪತ್ತು, ಬಜ್ಜಿ ಟೀ ನೂರಿಪ್ಪತ್ತು, ತಿಂಡಿ ನೂರೆಂಬತ್ತು."

"ಏಳ್ನೂರಿಪ್ಪತ್ತಾಯ್ತು. ಮೂರೂ ತಿಂದೋರ್ಗೆ ಎಪ್ಪತ್ತು ಉಳೀತದೆ. ಒಂದು ಬುಟ್ರೂ ಲಾಸು. ನಾಲ್ಕು ಜನಕ್ಕೆ ಕಟ್ಟಮ್ಮ."

"ಮುದ್ದಜ್ಜಿಗೆ?"

"ಇವತ್ತು ಶನಿವಾರ ಕಣಮ್ಮ. ಅಜ್ಜಿದು ಒಪ್ಪೊತ್ತು. ರಾತ್ರಿ ದೀಪ ಹಚ್ಚಿದ ಮೇಲೇ ಉಣ್ಣೋದು. ಬಾಳೆಹಣ್ಣು ತಂದವ್ಳೆ. ಅವ್ಳ್ಗೆ ಆರ್ನೂರೈವತ್ತು ದಂಡ ಯಾಕೆ?"

"ಮಾವ, ದೊಡ್ಡತ್ತೆ ಈಗ..." ಎಂದು ವನಜಾಕ್ಷಿ ಶುರುಮಾಡಿದಳು. ಮಾತು ಅರ್ಧಕ್ಕೇ ನಿಂತಿತು. ಮುದ್ದಕ್ಕನ ದನಿ ಕೇಳಿತು. "ಬುಡವ್ವ. ಗಂಗ ಲೆಕ್ಕ ಹಾಕ್ದ ಅಂದ್ರೆ ಮುಗೀತು. ನಾನೇನು ಜಾರುಗುಂಡಿ ಆಡಕ್ಕೆ ಹೋಗ್ತಿದ್ದೀನಾ, ಹಸಿವಾಗಕ್ಕೆ?"

ಎಲ್ಲರೂ ನಕ್ಕರು. ಗಂಗಹನುಮಯ್ಯನೂ ನಕ್ಕ. ಹನುಮಕ್ಕ ಇದ್ದಿದ್ದರೆ ತನ್ನ ಲೆಕ್ಕ ಕೇಳಿ ಏನನ್ನುತ್ತಿದ್ದಳೋ ಎಂದುಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದ.

ಗೇಟಿನಲ್ಲಿ ಚೀಲ ತಪಾಸಣೆ ಮಾಡಿದರು. ಹೊರಗಿನ ತಿನಿಸು ಒಳಗೆ ಬಿಡುವಂತಿಲ್ಲವೆಂದು ಮುದ್ದಕ್ಕನ ಬಾಳೆಹಣ್ಣಿನ ಚೀಲವನ್ನು ತೆಗೆದಿಟ್ಟುಕೊಂಡು ಟೋಕನ್ ಕೊಟ್ಟರು. ಅವಳು ಟೋಕನ್ನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಉಳಿದ ನಾಲ್ವರ ಮಣಿಕಟ್ಟಿಗೆ ಹಳದಿ ಪಟ್ಟಿ ಬಿತ್ತು.

ಒಂದೂವರೆಯವರೆಗೆ ಚೈತ್ರ ನೀರು ಬಿಟ್ಟು ಮೇಲೆ ಬರಲಿಲ್ಲ. ಮುದ್ದಕ್ಕ ಸಿಮೆಂಟ್ ಬೆಂಚಿನ ಮೇಲೆ ಎಲ್ಲರ ಚಪ್ಪಲಿ, ಬಟ್ಟೆ ಕಾಯುತ್ತ ಕೂತಿದ್ದಳು. ಊಟದ ಕೋಣೆಯ ಬಾಗಿಲಲ್ಲಿ ಒಬ್ಬ ಹೆಂಗಸು ಕೈ ನೋಡಿ ಒಳಗೆ ಬಿಡುತ್ತಿದ್ದಳು. "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ," ಎಂದಳು ಮುದ್ದಕ್ಕ.

ಗಂಗಹನುಮಯ್ಯ ಕಟ್ಟಿದ ದುಡ್ಡಿಗೆ ನ್ಯಾಯ ಸಲ್ಲಿಸುವವನಂತೆ ತಟ್ಟೆ ತುಂಬಿಸಿಕೊಂಡು ಕೂತ. ಎರಡು ತುತ್ತು ಉಂಡು ತಲೆ ಎತ್ತಿದರೆ ವನಜಾಕ್ಷಿ ತಟ್ಟೆ ಮುಟ್ಟಿರಲಿಲ್ಲ.

"ಯಾಕಮ್ಮ?"

"ದೊಡ್ಡತ್ತೆ ಶನಿವಾರದ ಒಪ್ಪೊತ್ತು ಬುಟ್ಟು ವರ್ಷದ ಮೇಲಾಯ್ತು ಮಾವ. ಅತ್ತೆಗೆ ವಾಸಿಯಾಗ್ಲಿ ಅಂತ ಹಿಡಿದಿದ್ದ ಹರಕೆ ಅದು. ತೀರಿಕೊಳ್ಳೋ ಹಿಂದಿನ ವಾರ ಅತ್ತೆನೇ ಅವರ ಕೈ ಹಿಡ್ಕೊಂಡು, 'ಅಕ್ಕ, ನನಗೋಸ್ಕರ ಹೊಟ್ಟೆ ಕಟ್ಬೇಡ, ಉಣ್ಣು, ನನ್ನಾಣೆ' ಅಂದ್ರು. ಇವತ್ತು ಮೂರು ಗಂಟೆಗೆ ಎದ್ದು ನಮಗೆಲ್ಲ ಇಡ್ಲಿ ಹಾಕಿಕೊಟ್ರಲ್ಲ. ಅವರ ಬಾಯಿಗೆ ಒಂದು ತುಂಡೂ ಬಿದ್ದಿಲ್ಲ."

ಗಂಗಹನುಮಯ್ಯನ ಕೈ ಅನ್ನದಲ್ಲೇ ನಿಂತಿತು.

ಪ್ರತಿ ಶನಿವಾರ ಸ್ನಾನ ಮಾಡಿ, ಹನುಮಂತರಾಯನ ಗುಡಿಗೆ ಹೋಗಿ ಬಂದು, ಮುದ್ದಕ್ಕ ಬಡಿಸಿದ್ದನ್ನು ಉಂಡು, ಕೈ ತೊಳೆದು ಜಗಲಿಗೆ ಬಂದು ಕೂರುವುದು ಅವನ ಪದ್ಧತಿ. ಆಮೇಲೆ ಒಳಗೆ ಅವಳು ಏನುಂಡಳು, ಉಂಡಳೋ ಇಲ್ಲವೋ, ಒಂದು ದಿನವೂ ನೋಡಿದವನಲ್ಲ. ಗುಡಿಯಲ್ಲಿ ಪೂಜಾರಿ ಅಡವಯ್ಯನಿಗೆ, "ನಮ್ಮಕ್ಕ ಈ ವಯಸ್ಸಲ್ಲೂ ಒಪ್ಪೊತ್ತು ತಪ್ಪಿಸಾಕಿಲ್ಲ" ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದ. ಸಾಯುವ ಕಾಲಕ್ಕೆ ಕಣ್ಣು ಮಂಜಾಗಿದ್ದ ಹನುಮಕ್ಕನಿಗೆ ಅಕ್ಕನ ಹಸಿವು ಕಂಡಿತ್ತು. ದೇವರ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದ ತನಗೆ ಕಂಡಿರಲಿಲ್ಲ. ಹುಡುಗರ ಹೊಟ್ಟೆ ಅಳೆದ ವಾರ್ಡನ್ ತನ್ನ ಮನೆಯ ಹಾಜರಿಯಲ್ಲಿ ಒಂದು ಹೆಸರು ಹೊಡೆದುಹಾಕಿದ್ದ.

ತಟ್ಟೆ ಎತ್ತಿಕೊಂಡು ಬಾಗಿಲಿಗೆ ನಡೆದ.

"ತಟ್ಟೆ ಆಚೆ ತಗೊಂಡು ಹೋಗಂಗಿಲ್ಲ ಸಾರ್," ಎಂದಳು ಬಾಗಿಲ ಹೆಂಗಸು.

"ನಮ್ಮಕ್ಕ ಹೊರಗವ್ಳೆ. ನಂದೇ ತಟ್ಟೆ ಕಣಮ್ಮ, ಅವ್ಳ್ಗೆ ಕೊಟ್ಬುಡ್ತೀನಿ."

"ಒಂದು ಪಟ್ಟಿಗೆ ಒಂದೇ ಜನ. ಅವರಿಗೆ ಬೇರೆ ತಗೋಬೇಕು. ನಾನೂರಿಪ್ಪತ್ತು."

ಹಿಂದೆ ಸಾಲಿನಲ್ಲಿ ನಿಂತಿದ್ದವರು ತಟ್ಟೆ ಹಿಡಿದ ಮುದುಕನನ್ನೇ ನೋಡುತ್ತಿದ್ದರು. ಅವನ ಕಿವಿ ಬಿಸಿಯಾಯಿತು. ತಟ್ಟೆ ಕೆಳಗಿಟ್ಟು, ದುಡ್ಡು ಕಟ್ಟಿ, ಚೀಟಿ ಹಿಡಿದು ಬೆಂಚಿನ ಹತ್ತಿರ ಬಂದ. ಚೀಟಿ ಮುಂದೆ ಹಿಡಿದ.

ಮುದ್ದಕ್ಕ ಚೀಟಿ ನೋಡಿದಳು, ತಮ್ಮನ ಮುಖ ನೋಡಿದಳು. "ವನಜಿ ಬಾಯಿಬುಟ್ಳಾ?"

"ನೀನಾದ್ರೂ ಹೇಳ್ಬಾರ್ದಿತ್ತಾ ಅಕ್ಕ?"

"ಏನಂತ ಹೇಳ್ಲಿ? ನಾಲ್ಕು ಜನದ ಮುಂದೆ, ನಂಗೂ ಹಸಿವಾಗ್ತದೆ ಕಣ್ಲಾ ಅಂತಲಾ?"

ಅವಳು ಮಂಡಿ ಹಿಡಿದುಕೊಂಡು ಎದ್ದಳು. "ನಡಿ. ಕಾಸು ಕೊಟ್ಟಿದ್ದೀಯ."

ಒಳಗೆ ಪಾತ್ರೆಗಳು ಸಾಲಾಗಿದ್ದವು. ಅವರವರೇ ಬಡಿಸಿಕೊಳ್ಳಬೇಕು. ಮುದ್ದಕ್ಕ ತಟ್ಟೆಗೆ ಕೈ ಚಾಚುವಷ್ಟರಲ್ಲಿ ಗಂಗಹನುಮಯ್ಯ ಅದನ್ನು ತೆಗೆದುಕೊಂಡ. ಅನ್ನದ ಸೌಟು ಹಿಡಿದ. ಎಷ್ಟು ಹಾಕಬೇಕೆಂದು ತಿಳಿಯಲಿಲ್ಲ. ಎಪ್ಪತ್ತು ಹುಡುಗರಲ್ಲಿ ಯಾರಿಗೆ ಎಷ್ಟು ಎಂದು ಬಲ್ಲವನಿಗೆ, ಒಡಹುಟ್ಟಿದವಳು ಎಷ್ಟು ಉಣ್ಣುತ್ತಾಳೆಂದು ಗೊತ್ತಿರಲಿಲ್ಲ.

"ಎಷ್ಟು ಹಾಕ್ಲಿ ಅಕ್ಕ?" ಎಂದ.

"ಎರಡು ಸೌಟು ಹಾಕು. ಸಾರು ಮೇಲೆ ಸುರೀಬೇಡ, ಪಕ್ಕಕ್ಕೆ. ಮೊಸರು ಆಮೇಲೆ."

ಅವಳು ಹೇಳಿದ ಹಾಗೆಯೇ ಅವನು ಬಡಿಸಿದ. ಸಾರನ್ನು ಪಕ್ಕಕ್ಕೆ ಹಾಕಿದ.