ಊದಿದ ಸೀಟಿ

ಶೈಲಾ ಟೇಬಲ್ಲಿನ ಮೇಲೆ ಅಡ್ಡ ಬಿದ್ದು, ಎಡಗೈಯನ್ನು ಲ್ಯಾಪ್‌ಟಾಪಿನ ಸುತ್ತ ಬಳಸಿ, ಬಲಗೈಯಿಂದ ಯಾರದೋ ಎದೆಯನ್ನು ಹಿಂದಕ್ಕೆ ತಳ್ಳಿದಳು.

"ವೈರ್ ತುಳೀಬ್ಯಾಡ್ರೀ! ಪೀಛೇ ಹಟೋ, ಪೀಛೇ!"

ಕೇಳುವವರು ಯಾರಿದ್ದರು? ಮುಂಬೈಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದಿನ ಮೈದಾನದಲ್ಲಿ ಬೆಳಿಗ್ಗೆಯಿಂದ ಕೂತು ಕಬಡ್ಡಿ ನೋಡುತ್ತಿದ್ದ ಮಂದಿಯೆಲ್ಲ ಎದ್ದು ಅಂಗಳಕ್ಕೇ ನುಗ್ಗಿದ್ದರು. ಫೈನಲ್ ಪಂದ್ಯ. ಎರಡೂ ಕಡೆ ಸಮಸಮ. ಕಾಂದಿವಲಿಯ ನಿಂಗಣ್ಣ ರೇಡಿಗೆ ಹೋಗಿದ್ದ. ದಹಿಸರಿನ ಮೂವರು ಅವನ ಕಾಲು, ಸೊಂಟ ಹಿಡಿದು ಕೆಡವಿದ್ದರು. ಅವನು ಅವರನ್ನೆಲ್ಲ ಎಳೆದುಕೊಂಡೇ ತೆವಳಿ ನಡುಗೆರೆಯ ಕಡೆ ಕೈ ಚಾಚಿದ್ದ. ಧೂಳೆದ್ದಿತು. ಧೂಳಿನೊಳಗಿಂದ ಸೀಟಿ ಕೇಳಿತು. ಬೆರಳು ಗೆರೆ ಮುಟ್ಟಿದ್ದರೆ ಕಾಂದಿವಲಿ ಗೆದ್ದಂತೆಯೇ. ಅಂಪೈರ್ ಕೈಯೆತ್ತಿ ಮುಟ್ಟಿಲ್ಲ ಎಂದ. ನಿಂಗಣ್ಣ ಔಟ್. ಉಳಿದದ್ದು ಒಂದೇ ರೇಡ್, ಅದೂ ದಹಿಸರಿನದು.

ಅಂಪೈರ್ ಶಿವಪುತ್ರಪ್ಪ ಶೈಲಾಳ ಅಪ್ಪ.

"ಊರ ಹುಡುಗ್ರಿಗೆ ಕಪ್ ಕೊಟ್ಯಲ್ಲೋ ಶಿವಪುತ್ರಪ್ಪ!" ಎಂದು ಗುಂಪಿನಿಂದ ಒಬ್ಬ ಕಿರುಚಿದ. "ಆ ಗದಿಗೆಪ್ಪ ನಿಮ್ಮ ಓಣಿಯಾವನ ಹೌದಲ್ಲೋ? ನಮಗ ಗೊತ್ತಿಲ್ಲೇನು!"

ಗದಿಗೆಪ್ಪ ದಹಿಸರ್ ತಂಡದ ಕ್ಯಾಪ್ಟನ್. ಅಪ್ಪನ ಊರಿನವನೇ, ಅದೇ ಓಣಿಯವನೇ, ಅದರಲ್ಲಿ ಸುಳ್ಳಿಲ್ಲ. ಆದರೆ ಈ ಮಾತನ್ನು ಅಪ್ಪನಿಗೆ ಇದುವರೆಗೆ ಯಾರೂ ಆಡಿರಲಿಲ್ಲ. ವಾರವೆಲ್ಲ ವಿಕ್ರೋಳಿಯ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವ ಅಪ್ಪ, ಭಾನುವಾರ ಬಂತೆಂದರೆ ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಕೊರಳಿಗೆ ಸೀಟಿ ಹಾಕಿಕೊಳ್ಳುತ್ತಿದ್ದ. ಯಾವ ತಂಡಗಳು ಎಷ್ಟೇ ಜಗಳಾಡಿದರೂ ಅಂಪೈರ್ ಯಾರೆನ್ನುವಾಗ ಎರಡೂ ಕಡೆಯವರ ಬಾಯಲ್ಲಿ ಅವನ ಹೆಸರೇ ಬರುತ್ತಿತ್ತು. ಈಗ ಆ ಅಂಗಿಯ ಕಾಲರನ್ನು ಯಾರೋ ಹಿಡಿದೆಳೆದು ಗುಂಡಿ ಕಿತ್ತಿದ್ದರು. ಅಪ್ಪ ಬಡಿದಾಡಲಿಲ್ಲ, ಬೈಯಲೂ ಇಲ್ಲ. ಕೈ ಕಟ್ಟಿಕೊಂಡು ನಿಂತಿದ್ದ.

ಪಂದ್ಯ ನಡೆಸುತ್ತಿದ್ದ ಖಂಡಪ್ಪ ಮೈಕ್ ಹಿಡಿದುಕೊಂಡೇ ಟೇಬಲ್ಲಿಗೆ ಬಂದ. ಅವನ ಏದುಸಿರು ಸ್ಪೀಕರಿನಲ್ಲಿ ಕೇಳುತ್ತಿತ್ತು.

"ತಂಗೀ, ನಿನ್ನ ಮಷೀನ್‌ದಾಗ ಬಂದೈತೇನು? ಐತಿ ಅಂದ್ರ ತೋರಸು. ಇಲ್ಲಂದ್ರ ಇಲ್ಲ ಅನ್ನು. ಇವರು ನಿಮ್ಮಪ್ಪನ್ನ ಬಿಡಂಗಿಲ್ಲ."

ಆ ಮಾತೂ ಮೈಕಿನಲ್ಲಿ ಹೋಯಿತು. ಇಡೀ ಮೈದಾನ ಅವಳತ್ತ ತಿರುಗಿತು.

ಶೈಲಾಗೆ ಹೆದರಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಕೆಳಗೆ ಬೇರೆ ಏನೋ ಕುದಿಯುತ್ತಿತ್ತು. ಈ ಒಂದು ಗಳಿಗೆಗಾಗಿಯೇ ತಾನೇ ಅವಳು ಆಫೀಸು ಮುಗಿಸಿ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಕೋಡ್ ಬರೆದದ್ದು? ಬೆಳಿಗ್ಗೆ ನಡುಗೆರೆಯ ನೇರಕ್ಕೆ ಬಿದಿರಿನ ಗಳಕ್ಕೆ ಕ್ಯಾಮೆರಾ ಕಟ್ಟುತ್ತಿದ್ದಾಗ ಅಪ್ಪ ಕೆಳಗೆ ನಿಂತು ಕೇಳಿದ್ದ: "ಇದು ಯಾಕ?"

"ಡೌಟ್ ಬಂದ್ರ ನೋಡಾಕ, ಅಪ್ಪಾ."

"ಯಾರಿಗೆ ಡೌಟು?"

ಅವಳು ನಕ್ಕುಬಿಟ್ಟಿದ್ದಳು.

"ಚಿನ್ಮಯ್, ರೀಪ್ಲೇ ತೆಗೀತೀನಿ," ಎಂದಳು ಈಗ.

ಚಿನ್ಮಯ್ ಅವಳ ಆಫೀಸಿನವನು, ಮೈಸೂರಿನ ಕಡೆಯವನು. ಕಬಡ್ಡಿ ನೋಡಲೆಂದು ಬಂದು ವೈರ್ ಕಾಯುವ ಕೆಲಸಕ್ಕೆ ಸಿಕ್ಕಿಬಿದ್ದಿದ್ದ. "ಇಡೀ ಪೈಪ್‌ಲೈನ್ ನಿಲ್ಲಿಸಿಬಿಡು ಕಣೇ. ಆಮೇಲೆ ಆರಾಮಾಗಿ ಫೈಲ್ ತೆಗೆದು ನೋಡೋಣ."

"ಪಾಗಲ್ ಹೈ ಕ್ಯಾ? ಲೈವ್ ಹೋದ್ರ ಏನಂತಾರ? ಮಗಳು ಅಪ್ಪನ್ನ ಉಳಿಸಾಕ ಕ್ಯಾಮೆರಾ ಬಂದ್ ಮಾಡಿದ್ಲು ಅಂತಾರ."

ಚಿನ್ಮಯ್ ಗುಂಪನ್ನೊಮ್ಮೆ ನೋಡಿದ. "ಅಂತಾರೆ," ಎಂದು ಒಪ್ಪಿಕೊಂಡ.

ಚಾಳಿನ ನಲ್ಲಿಯ ಹಾಗೆ ಇತ್ತು ಆ ಪೈಪ್‌ಲೈನ್. ಕ್ಯಾಮೆರಾದಿಂದ ಚಿತ್ರ ಒಂದೇ ಕೊಳವೆಯಲ್ಲಿ ಬಂದು, ಟೀ ಎಂಬ ಜಾಗದಲ್ಲಿ ಮೂರು ಕವಲಾಗುತ್ತಿತ್ತು. ಒಂದು ಕವಲು ಊರಲ್ಲಿ ಕೂತು ಫೋನಿನಲ್ಲಿ ನೋಡುವವರಿಗೆ. ಒಂದು ಮೈದಾನದ ಅಂಚಿನ ದೊಡ್ಡ ಟಿವಿಗೆ. ಇನ್ನೊಂದು, ರೀಪ್ಲೇಗೆಂದು ಫೈಲಿಗೆ. ಒಂದು ಕವಲು ಕಟ್ಟಿಕೊಂಡರೆ ಟೀ ಉಳಿದವಕ್ಕೂ ನೀರು ಬಿಡುವುದಿಲ್ಲ, ಎಲ್ಲರನ್ನೂ ಕಾಯಿಸುತ್ತದೆ. ಫೈಲಿನದು ಇನ್ನೊಂದು ತಕರಾರು. ಸುಮ್ಮನೆ ಕತ್ತರಿಸಿದರೆ ಅದು ತೆರೆಯುವುದೇ ಇಲ್ಲ. ಚಿತ್ರವೆಲ್ಲ ಒಳಗಿದ್ದರೂ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಯಾವ ಪ್ಲೇಯರಿಗೂ ತಿಳಿಯುವುದಿಲ್ಲ. 'ಮುಗೀತು' ಎಂಬ ಸಂದೇಶವನ್ನು ಆ ಕವಲಿನೊಳಗೆ ಕಳಿಸಬೇಕು. ಅದು ಕೊನೆಯವರೆಗೆ ಹರಿದು ಮುಟ್ಟಬೇಕು. ಆಗ ಫೈಲು ತನ್ನ ಬಾಯಿ ತಾನೇ ಹೊಲಿದುಕೊಳ್ಳುತ್ತದೆ. ಇಷ್ಟನ್ನೂ ಮಿಕ್ಕ ಎರಡು ಕವಲುಗಳು ಹರಿಯುತ್ತಿರುವಾಗಲೇ ಮಾಡಬೇಕು. ಕೋಣೆಯಲ್ಲಿ ಆಗಿತ್ತು. ಪ್ರತಿ ಸಲವೂ ಆಗಿರಲಿಲ್ಲ.

"ಟಿವಿ ನೋಡ್ಕೋತ ಇರು. ನಿಂತ್ರ ಹೇಳು," ಎಂದು ಚಿನ್ಮಯನಿಗೆ ಹೇಳಿ ರೀಪ್ಲೇ ಕವಲಿನ ನಲ್ಲಿ ಮುಚ್ಚಿದಳು.

ಟಿವಿಯಲ್ಲಿ ಮಂದಿ ಓಡಾಡುತ್ತಲೇ ಇದ್ದರು. ನಲ್ಲಿಯ ಹಿಂದೆ ಒಂದು ಕ್ಯೂ ಇತ್ತು, ಡ್ರಮ್ಮಿನ ಹಾಗೆ. ಅದು ತುಂಬುವವರೆಗೆ ಟೀಗೆ ಏನೂ ಗೊತ್ತಾಗುವುದಿಲ್ಲ. ತುಂಬಿದ ಮೇಲೆ ಎಲ್ಲವೂ ನಿಲ್ಲುತ್ತದೆ. ಶೈಲಾ 'ಮುಗೀತು' ಕಳಿಸಿದಳು.

ಉತ್ತರ ಬರಲಿಲ್ಲ.

ಡ್ರಮ್ಮು ತುಂಬುವ ಗೆರೆ ತೆರೆಯ ಮೂಲೆಯಲ್ಲಿ ಏರತೊಡಗಿತು. ಅರ್ಧ. ಅರ್ಧಕ್ಕಿಂತ ಹೆಚ್ಚು. ಅವಳು ಇನ್ನೊಮ್ಮೆ ಕಳಿಸಿದಳು. ಇಲ್ಲ.

"ಶೈಲಾ, ನಿಂತೋಯ್ತು," ಎಂದ ಚಿನ್ಮಯ್.

ಟಿವಿಯಲ್ಲಿ ಖಂಡಪ್ಪ ಬಾಯಿ ತೆರೆದುಕೊಂಡು ಕಲ್ಲಾಗಿದ್ದ. ಮೈದಾನದಲ್ಲಿ ಬೊಬ್ಬೆ ಎದ್ದಿತು. "ಬಂದ್ ಮಾಡಿದ್ಲು! ನೋಡ್ರೋ, ಬಂದ್ ಮಾಡಿದ್ಲು!" ಟೇಬಲ್ಲು ಅಲುಗಿತು. ಯಾರೋ ಚಹದ ಕಪ್ಪನ್ನು ಅವಳ ಮೊಣಕೈ ಮೇಲೆ ಚೆಲ್ಲಿದರು.

ಎಲ್ಲಿ? ಎಲ್ಲಿ ಸಿಕ್ಕಿದೆ? ಅವಳು ಕಣ್ಣು ಕಿರಿದು ಮಾಡಿ ಕೊಳವೆಯನ್ನು ಮನಸ್ಸಿನಲ್ಲೇ ತಡವಿದಳು. ಟೀ, ಡ್ರಮ್ಮು, ನಲ್ಲಿ, ಫೈಲು. ಸಂದೇಶ ಹಾಕಿದ್ದು ಎಲ್ಲಿ? ಡ್ರಮ್ಮಿನ ಹಿಂದೆ. ನಲ್ಲಿ ಮುಚ್ಚಿದೆ. ಮುಚ್ಚಿದ ನಲ್ಲಿಯ ಹಿಂದೆ ನಿಂತು ತಾನು 'ಮುಗೀತು, ಮುಗೀತು' ಎಂದು ಕೂಗುತ್ತಿದ್ದಾಳೆ!

"ಗಧೀ!" ಎಂದು ತನ್ನನ್ನು ತಾನೇ ಬೈದುಕೊಂಡು ಜೋರಾಗಿ ನಕ್ಕಳು. ಚಿನ್ಮಯ್ ಗಾಬರಿಯಿಂದ ನೋಡಿದ. ಅವಳು ಒಂದೇ ಸಾಲು ಟೈಪ್ ಮಾಡಿದಳು. ನಲ್ಲಿಯ ಆಚೆಯಿಂದ, ಫೈಲಿನ ಕಡೆಯಿಂದ, 'ಮುಗೀತು'.

ಬಂತು! ಉತ್ತರ ಬಂತು. ಕವಲನ್ನು ಟೀಯಿಂದ ಬಿಡಿಸಿದಳು. ಟಿವಿಯಲ್ಲಿ ಖಂಡಪ್ಪನ ಬಾಯಿ ಮುಚ್ಚಿತು, ತೆರೆಯಿತು, ಇಡೀ ಮೈದಾನ ಮತ್ತೆ ಅಲ್ಲಾಡಿತು.

"ಚಾಲೂ ಐತಿ! ಲೈವ್ ಚಾಲೂ ಐತಿ, ನೋಡ್ಕೋರಿ!" ಶೈಲಾ ಕುರ್ಚಿಯ ಮೇಲೆ ಹತ್ತಿ ಕೂಗಿದಳು. ಮೊಣಕೈಯಿಂದ ಚಹ ತೊಟ್ಟಿಕ್ಕುತ್ತಿತ್ತು. ಅವಳಿಗೆ ಹಾರಬೇಕೆನಿಸಿತು. ಚಿನ್ಮಯ್ ಅವಳ ಬೆನ್ನಿಗೆ ಗುದ್ದಿ, "ಏನ್ ಹುಡ್ಗೀನೇ ನೀನು!" ಎಂದ.

ಆಮೇಲೆ ಫೈಲ್ ತೆರೆದಳು. ಮತ್ತು ಆಗ ಮೊದಲ ಸಲ ನಿಜವಾಗಿ ಹೆದರಿದಳು. ಅಪ್ಪ ತಪ್ಪಿದ್ದರೆ?

ಒಂದೊಂದೇ ಚಿತ್ರ ಸರಿಸಿದಳು. ನಿಂಗಣ್ಣ ಬೀಳುತ್ತಾನೆ. ಮೈಮೇಲೆ ಮೂವರು. ಕೈ ಚಾಚುತ್ತದೆ. ಇನ್ನೊಂದು. ಇನ್ನೊಂದು. ಧೂಳು ಇನ್ನೂ ಎದ್ದಿಲ್ಲ. ಬೆರಳು ಪೂರ್ತಿ ಚಾಚಿ ನಿಂತಿದೆ, ಅದರಾಚೆ ಕೆಂಪು ಮಣ್ಣು, ಮಣ್ಣಿನಾಚೆ ಸುಣ್ಣದ ಗೆರೆ. ನಡುವೆ ಒಂದು ಬೀಡಿ ಇಡುವಷ್ಟು ಜಾಗ. ಮುಂದಿನ ಚಿತ್ರದಲ್ಲಿ ಕೈ ಹಿಂದಕ್ಕೆ ಎಳೆದುಹೋಗಿದೆ, ಅಂಚಿನಲ್ಲಿ ಅಪ್ಪನ ಕೆನ್ನೆ ಉಬ್ಬಿದೆ, ಬಾಯಲ್ಲಿ ಸೀಟಿ.

ಅಪ್ಪ ಸರಿ. ಅಪ್ಪ ಬೀಡಿಯಗಲದಷ್ಟು ಸರಿ!

ಯಾರಿಗೂ ಕಾಣದಂತೆ ತೆರೆಯ ಫೋಟೋವನ್ನು ಫೋನಿಗೆ ತೆಗೆದುಕೊಂಡಳು. "ಟಿವಿಗೆ ಹಾಕಾಕ ರೆಡಿ ಇರು. ನಾ ಕೈ ಎತ್ತಿದ ಕೂಡಲೆ ಈ ಬಟನ್ ಒತ್ತು," ಎಂದು ಚಿನ್ಮಯನಿಗೆ ಹೇಳಿ ಜನರ ಕಂಕುಳ ಕೆಳಗೆ ನುಸುಳುತ್ತ ಓಡಿದಳು. ಮೊದಲು ಅಪ್ಪ ನೋಡಬೇಕು. ಎಲ್ಲರಿಗಿಂತ ಮೊದಲು ಅಪ್ಪ.

ಅಪ್ಪ ಈಗ ಗುಂಪಿನ ನಡುವೆ ಇರಲಿಲ್ಲ. ಅಂಗಳದ ನಡುವೆ ಕುಕ್ಕರಗಾಲಲ್ಲಿ ಕೂತು, ಮಂದಿ ತುಳಿದು ಅಳಿಸಿದ್ದ ನಡುಗೆರೆಯನ್ನು ಡಬ್ಬಿಯಿಂದ ಸುಣ್ಣ ತೆಗೆದು ಮತ್ತೆ ಎಳೆಯುತ್ತಿದ್ದ. ಇನ್ನೊಂದು ರೇಡ್ ಬಾಕಿಯಿತ್ತು. ಸುತ್ತ ನಿಂತವರು ಬೈಯುತ್ತ ಬೈಯುತ್ತಲೇ, ಗೆರೆ ಬಂದ ಕಡೆಯೆಲ್ಲ ಕಾಲು ಹಿಂದೆ ತೆಗೆಯುತ್ತಿದ್ದರು. ಎರಡು ಮಾರು ಆಚೆ ನಿಂಗಣ್ಣ ಮಣ್ಣಲ್ಲೇ ಕೂತಿದ್ದ. ಎದ್ದ ಕೂಡಲೇ "ಮುಟ್ಟೀನಿ!" ಎಂದು ಕೂಗಿ ಕೈ ಎತ್ತಿದವನು ಅವನೇ, ಆಮೇಲೆ ಅವನ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. ಈಗ ಶೈಲಾಳ ಕೈಯಲ್ಲಿದ್ದ ಫೋನ್ ನೋಡಿದ. ಬೆರಳುಗಳನ್ನು ಚಡ್ಡಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಅಪ್ಪಾ," ಶೈಲಾ ಮಂಡಿಯೂರಿ ಅವನ ಕಿವಿಯ ಹತ್ತಿರ ಬಂದಳು. "ಸಿಕ್ತು. ಅವಾ ಮುಟ್ಟಿಲ್ಲ. ನೀನ ಸರಿ ಅಪ್ಪಾ, ಏಕ್‌ದಮ್ ಸರಿ! ನೋಡು. ಆಮ್ಯಾಲೆ ಟಿವಿ ಮ್ಯಾಲೆ ಹಾಕ್ತೀನಿ, ಎಲ್ಲಾರ ಬಾಯಿ ಬಂದ್ ಆಗ್ತೈತಿ."

ಅಪ್ಪ ಫೋನಿನ ಕಡೆ ತಿರುಗಲಿಲ್ಲ. ನಿಂಗಣ್ಣನ ಕಡೆ ಒಮ್ಮೆ ನೋಡಿದ. ಡಬ್ಬಿಯಿಂದ ಇನ್ನೊಂದು ಹಿಡಿ ಸುಣ್ಣ ತೆಗೆದ.

"ನೋಡು ನಾ, ಅಪ್ಪಾ. ಒಂದ ಸಲ."

"ಒಂದ ಸಲ ನೋಡೀನಿ. ಸೀಟಿ ಊದೂಕಿಂತ ಮೊದಲ."

"ಇದರಾಗ ಎಲ್ಲಿ ನೋಡೀದಿ?"

ಚಿನ್ಮಯ್ ದೂರದಲ್ಲಿ ಬಟನಿನ ಮೇಲೆ ಬೆರಳಿಟ್ಟು ಅವಳ ಕೈಯನ್ನೇ ಕಾಯುತ್ತಿದ್ದ. ಖಂಡಪ್ಪ ಮೈಕಿನಲ್ಲಿ, "ಶೈಲಾ ತಂಗೀ, ಏನಾತು? ಹಾಕ್ಲೇನು?" ಎಂದ. ಮೈದಾನವೆಲ್ಲ ಕತ್ತು ಉದ್ದ ಮಾಡಿತು.

ಅಪ್ಪ ಸುಣ್ಣದ ಕೈಯಿಂದಲೇ ಅವಳ ಫೋನನ್ನು ಮೆಲ್ಲಗೆ ಕೆಳಗೆ ಒತ್ತಿದ. ಬೆರಳೂ ಗೆರೆಯೂ ಇದ್ದ ಜಾಗದಲ್ಲಿ ಬಿಳಿಯ ಹೆಬ್ಬೆಟ್ಟು ಮೂಡಿತು.

"ಬ್ಯಾಡ," ಎಂದ.