ಹಸಿ ಗಾಳಿಯಲ್ಲಿ ಮಲಗಿದ ಗೆರೆ

ಗೆರೆ ಮಲಗಿಬಿಟ್ಟಿತು, ಪರದೆಯ ಮೇಲೆ ಈಗತಾನೇ ಮೊನಚಾಗಿ ನಿಂತಿದ್ದ, ಥಿನ್ನರಿನಲ್ಲಿರುವ ಟೊಲುವೀನಿನ ಗೆರೆ, ಹೊಗೆಯ ವಿಷ ಸುಡುವ ಯಂತ್ರ ಹಚ್ಚಿ ಕೊಳವೆಗೆ ಹಸಿ ಗಾಳಿ ಬಿಟ್ಟದ್ದೇ ತಡ, ನೆಲಕ್ಕಂಟಿತು, ಹಿಂದೆ ನಿಂತ ನನ್ನ ಗೈಡ್ ದಿಗಂಬರ ಸರ್ ಭಾಳ ಛಲೋ ಆತು ರಂಜನಾ ಎನ್ನುತ್ತಿದ್ದಾರೆ, ಅವರ ಬಾಯಲ್ಲಿ ಧಾರವಾಡದ ಮಾತು ಬರುವುದೇ ಖುಷಿಯಾದಾಗ, ಉಳಿದ ಹೊತ್ತು ಲ್ಯಾಬಿನಲ್ಲಿ ಬರೀ ಮರಾಠಿ, ಇಂಗ್ಲಿಷು — ಪ್ಲಾಸ್ಮಾ ವಿಷಾ ಪೂರಾ ಸುಟ್ಟದ ನೋಡು, ಮಳೆಗಾಲದಾಗೂ ನಮ್ಮ ಯಂತ್ರ ಕೆಲಸ ಮಾಡ್ತದ, ಈ ರಿಸಲ್ಟ್ ಫ್ಲಾಪಿಗೆ ಹಾಕು, ಕಂಪನಿಯವರು ಹೊರಗ ಚಹಾ ಕುಡೀಲಿಕ್ಕತ್ತಾರ — ಹಾಕಿಕೊಟ್ಟರೆ ಸೋಮವಾರದಿಂದ ಅವರ ಪಿಂಪ್ರಿ ಕಾರ್ಖಾನೆಯ ಪೇಂಟ್ ಶಾಪಿನಲ್ಲಿ ಹೊಗೆ ಎಳೆಯುವ ದೊಡ್ಡ ಫ್ಯಾನು ಬಂದ್, ನಮ್ಮ ಯಂತ್ರ ಶುರು, ಅಲ್ಲಿ ಸ್ಪ್ರೇ ಗನ್ ಹಿಡಿದು ನಿಲ್ಲುವವನು ನನ್ನ ತಮ್ಮ ಮಾಂತು, ಅವನ ಅಂಗಿಯನ್ನು ಅವ್ವ ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಾಳೆ, ಥಿನ್ನರ್ ಕುಡದು ಬಂದೀ ಏನೋ ಎನ್ನುತ್ತಾಳೆ, ಅವನು ನಗುತ್ತಾನೆ, ಊಟ ಬ್ಯಾಡ ತಲಿ ನೋಯ್ತದ ಎಂದು ಗೋಡೆ ಕಡೆ ತಿರುಗಿ ಮಲಗುತ್ತಾನೆ, ಈಗ ಆ ಫ್ಯಾನೂ ಇಲ್ಲ ಅಂದರೆ.

ಸುಟ್ಟಿಲ್ಲ, ಎಲ್ಲಿ ಸುಟ್ಟಿದೆ, ಈ ಪರದೆಗೆ ಕಾಣುವುದು ವಿದ್ಯುತ್ ಹೊತ್ತ ಅಯಾನು ಮಾತ್ರ, ಒಣ ಗಾಳಿಯಲ್ಲಿ ಟೊಲುವೀನು ಒಂದು ಪ್ರೋಟಾನು ಹಿಡಿದು ಸಲೀಸಾಗಿ ಅಯಾನಾಗುತ್ತದೆ, ಗಾಳಿ ಹಸಿಯಾದರೆ ನೀರಿನ ಅಣುಗಳು ಪ್ರೋಟಾನಿಗೆ ಮುತ್ತಿಕೊಳ್ಳುತ್ತವೆ, ನಲ್ಲಿಗೆ ಮುತ್ತಿದ ಹೆಂಗಸರ ಹಾಗೆ, ಯಾರಿಗೂ ಬಿಟ್ಟುಕೊಡುವುದಿಲ್ಲ, ಟೊಲುವೀನು ಬರಿಗೈಯಲ್ಲಿ ಹಾದುಹೋಗುತ್ತದೆ, ಪರದೆಗೆ ಕಾಣದೆ, ಸೀದಾ ಮಾಂತುವಿನ ಎದೆಯೊಳಗೆ — ಇದನ್ನು ನನಗೆ ಕಲಿಸಿದವರೇ ಸರ್, ಮರೆತರೋ, ಮರೆತಂತೆ ಇದ್ದಾರೋ, ಬಾಯಿ ಬಿಟ್ಟರೆ ನನ್ನ ಪಿಎಚ್‌ಡಿ ಕಥೆ ಮುಗಿಯಿತು, ಭಯವಾಗುತ್ತಿದೆ, ಹಾಳಾಗಿ ಹೋಗಲಿ, ಯಂತ್ರದ ಹೊರಕೊಳವೆ ಕಿತ್ತು ಅವರ ಮುಖದ ಮುಂದೆ ಹಿಡಿದೆ, ಮೂಸಿ ನೋಡ್ರಿ ಸರ್, ಬಗ್ಗಿದರು, ಮೂಸಿದರು, ಥಟ್ಟನೆ ಹಿಂದೆ ಸರಿದರು, ಜೇಬಿಗೆ ಕೈ ಹಾಕಿದರು, ವಾಸನಿ ರಿಪೋರ್ಟಿನ್ಯಾಗ ಬರಂಗಿಲ್ಲ ರಂಜನಾ, ದನಿ ಎಲ್ಲಿಂದಲೋ ಬಂದಂತೆ ಮಂದ, ಹಂಗಾರ ಕಂಪನಿಯವರನ್ನೂ ಕರೀತೀನ್ರಿ, ಅವರೂ ಮೂಸಲಿ, ಅಂದವಳು ನಾನೇ, ಬಾಗಿಲಿಗೆ ಹೋಗಬೇಕು, ಹೋಗುತ್ತೇನೆ, ಬರಂಗಿಲ್ಲ ಅಂತ ಮತ್ತೆ ಹೇಳುತ್ತಿದ್ದಾರೆ, ಕರವಸ್ತ್ರದೊಳಗಿಂದಲೇ ಹೇಳುತ್ತಿದ್ದಾರೆ, ಮೂಗಿಗೆ ಒತ್ತಿ ಹಿಡಿದ ಇಸ್ತ್ರಿ ಮಾಡಿದ ಬಿಳಿ ಕರವಸ್ತ್ರ, ಇನ್ನೂ ತೆಗೆದಿಲ್ಲ, ಕರವಸ್ತ್ರ —